ಬಸವಲಿಂಗಪ್ಪನವರಿಗೆ ಮುರುಗೇಶ ಕೊಟ್ಟದ್ದು

೧೯೬೨ರಲ್ಲಿ ನಾನು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿದ್ದೆ. ಭದ್ರಾವತಿಯ ಫೌಂಡ್ರಿಯೊಂದರ ಫೋರ್‌ಮನ್ ಬಸವಲಿಂಗಪ್ಪನವರಿಗೆ ಅಪೆಂಡಿಕ್ಸ್ ಆಪರೇಷನ್ ಮಾಡಿ, ಕೀವಾಗದಿರಲೆಂದು ಆಂಟಿಬಯೋಟಿಕ್ ಕೊಟ್ಟೆ. ಗಾಯ ಮಾಯಿತು, ಭೇದಿ ಹಿಡಿಯಿತು. ದಿನಕ್ಕೆ ಇಪ್ಪತ್ತು ಸಲ. ಔಷಧವು ಕರುಳಿನಲ್ಲಿರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದುಹಾಕಿತ್ತು. ಎಂಟನೆಯ ದಿನ ನಾಡಿ ಸಿಗುವುದೇ ಕಷ್ಟವಾಯಿತು. ನನ್ನ ಕೈಯಿಂದಲೇ ಆದದ್ದೆಂದು ನನಗೆ ಊಟ ಸೇರುತ್ತಿರಲಿಲ್ಲ.

ಉಳಿದಿದ್ದ ದಾರಿ ಒಂದೇ. ಅದನ್ನು ವಿದೇಶಿ ಜರ್ನಲ್‌ನಲ್ಲಿ ಓದಿದ್ದೆನೇ ಹೊರತು ಮಾಡಿರಲಿಲ್ಲ: ಆರೋಗ್ಯವಂತನ ಮಲವನ್ನು ಸಲೈನ್‌ನಲ್ಲಿ ಕದಡಿ, ಸೋಸಿ, ಎನಿಮಾ ಕೊಡುವುದು. ಹೇಳುವಾಗ ನಾನು ಗೋಡೆ ನೋಡುತ್ತಿದ್ದೆ. ಆಚಾರವಂತೆಯಾದ ಅವರ ಹೆಂಡತಿ ಗೌರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು. ರೋಗಿ ಮಾತ್ರ ಮಲಗಿದಲ್ಲೇ ಫೋರ್‌ಮನ್ ಗತ್ತಿನಲ್ಲಿ ಆಳು ಆರಿಸತೊಡಗಿದರು. ತಮ್ಮನಿಗೆ ಮಲಬದ್ಧತೆ, ಅಳಿಯ ಹೋಟೆಲ್ ಬೋಂಡಾದ ಮೇಲೆ ಬದುಕುವವನು. ಇಬ್ಬರೂ ಫೇಲು.

"ನಮ್ಮ ಕುಲುಮೆ ಮುರುಗೇಶನ್ನ ಕರೆಸಿ. ದಿನಾ ಎಂಟು ಗಂಟೆ ಸೈರನ್ ಆಗ್ತಿದ್ದಂಗೆ ಚೊಂಬು ಹಿಡ್ಕೊಂಡು ಹೋಗ್ತಾನೆ. ಅದಕ್ಕೆ ಎರಡು ಮೆಮೋ ಕೊಟ್ಟಿದೀನಿ."

"ಅವನು ಮೀನು ತಿಂತಾನಲ್ರೀ," ಎಂದರು ಗೌರಮ್ಮ.

"ತಿಂದು ಗಟ್ಟಿಯಾಗಿದಾನಲ್ಲೇ."

ಮುರುಗೇಶ ಬಂದ. ಸ್ಯಾಂಪಲ್ ಪರೀಕ್ಷಿಸಿದರೆ ಹುಳುವಿಲ್ಲ, ಅಮೀಬಾ ಇಲ್ಲ. ಮರುದಿನ ಎಂಟಕ್ಕೆ ಎನಾಮೆಲ್ ಪಾತ್ರೆ ಕೊಟ್ಟು ಕಕ್ಕಸಿಗೆ ಕಳಿಸಿದೆವು. ಹೊರಗೆ ನಾನು, ನರ್ಸ್, ಕಾಂಪೌಂಡರ್, ರೋಗಿಯ ಬಳಗವೆಲ್ಲ ಕಾದು ನಿಂತೆವು. ಒಂಬತ್ತಾಯಿತು.

"ಸಾರ್, ಇಷ್ಟು ಜನ ನಿಂತ್ಕೊಂಡ್ರೆ ಆಗಲ್ಲ ಸಾರ್," ಎಂದು ಒಳಗಿಂದ ದನಿ ಬಂತು.

ಎಲ್ಲರನ್ನೂ ಗೇಟಿನಾಚೆ ಅಟ್ಟಿದೆ. ಗೌರಮ್ಮ ಮಾತ್ರ ಒಂದು ಲೋಟ ಬಿಸಿ ಕಾಫಿ ತಂದು, ಮೂಗು ಮುಚ್ಚಿಕೊಳ್ಳದೆ, ಆ ಬಾಗಿಲ ಬಳಿ ಇಟ್ಟರು. "ನಿಧಾನಕ್ಕೇ ಆಗ್ಲಪ್ಪ, ಆದ್ರೆ ಇವತ್ತೇ ಆಗ್ಲಿ," ಎಂದರು. ಅವರ ಕಣ್ಣು ತುಂಬಿತ್ತು. ಹತ್ತೂಕಾಲಿಗೆ ಮುರುಗೇಶ ಪಾತ್ರೆಗೆ ಮುಚ್ಚಳ ಹಾಕಿಕೊಂಡು ಹೊರಬಂದ.

ಎನಿಮಾ ಕೊಟ್ಟ ಮೂರನೆಯ ದಿನ ಭೇದಿ ನಿಂತಿತು. ಐದನೆಯ ದಿನ ಬಸವಲಿಂಗಪ್ಪನವರು ರೊಟ್ಟಿ ಕೇಳಿದರು.

ಡಿಸ್ಚಾರ್ಜ್ ದಿನ ವಾರ್ಡಿನ ತುಂಬ ನೆಂಟರು. ಹೇಗೆ ಬದುಕಿದರೆಂದು ಯಾರೋ ಕೇಳಿದಾಗ ಗೌರಮ್ಮ, "ಮುರುಗೇಶ ರಕ್ತ ಕೊಟ್ಟ," ಎಂದರು. ನಾನೂ ಹೂಂಗುಟ್ಟಿದೆ. ಕೇಸ್‌ಶೀಟಿನಲ್ಲೂ ನಾನು 'ಎನಿಮಾ' ಎಂದಷ್ಟೇ ಬರೆದಿದ್ದೆ.

ಬಸವಲಿಂಗಪ್ಪನವರು ಎದ್ದು ಕುಳಿತರು. "ರಕ್ತ ಯಾರು ಬೇಕಾದ್ರೂ ಕೊಡ್ತಾರೆ. ಇವನು ಕೊಟ್ಟಿದ್ದು ಅದಲ್ಲ," ಎಂದು ಶುರುಮಾಡಿ, ಕೊಟ್ಟದ್ದೇನೆಂದು ಅಚ್ಚಗನ್ನಡದಲ್ಲಿ ಹೇಳಿಬಿಟ್ಟರು. ಬಾಗಿಲ ಬಳಿ ಮುರುಗೇಶ ತಲೆ ತಗ್ಗಿಸಿದ.

"ಅಲ್ಲೇನು ನಿಂತಿದೀಯ ಮಾರಾಯ, ಬಾ, ಕೂತ್ಕೊ," ಎಂದು ಅವರು ಹಾಸಿಗೆಯಲ್ಲಿ ಸರಿದು ಜಾಗ ಮಾಡಿಕೊಟ್ಟರು.

ನನಗೆ ನಾಚಿಕೆಯಾಯಿತು. ರೂಮಿಗೆ ಹೋಗಿ ಕೇಸ್‌ಶೀಟ್ ತೆಗೆದು, ಕೊಟ್ಟ ಔಷಧ ಯಾವುದು, ಅದು ಯಾರದು ಎಂದು ಪೂರ್ತಿ ಬರೆದು ಸಹಿ ಹಾಕಿದೆ. ರೋಗಿ ನೆಂಟರ ಮುಂದೆ ಹೇಳಬಲ್ಲದ್ದನ್ನು ಬರೆಯಲು ವೈದ್ಯ ಹಿಂಜರಿಯಬಾರದೆಂದು ಅವತ್ತು ಕಲಿತೆ.