ಪಿನ್ನಿನ ನಡೆ ಬಲ್ಲ ಬೆರಳು

ಕಾರಿನ ಬ್ರೇಕಿನ ಕೆಲಸವನ್ನೇ ಬದುಕಾಗಿಸಿಕೊಂಡು, ಬಾಡಿಗೆ ಕಾರುಗಳಲ್ಲಿ ಕುಳಿತು ಸುಖವಾಗಿ ಮನೆ ಸೇರಿದ ಅಸಂಖ್ಯ ಜನರಿಗೆ ಮುಖಪರಿಚಯವೂ ಇಲ್ಲದೆ ಉಪಕಾರ ಮಾಡಿದ, ನಮ್ಮ ವರ್ಕ್‌ಶಾಪಿನ ಬ್ರೇಕ್ ವಿಭಾಗದ ಹಿರಿಯ ಮೆಕ್ಯಾನಿಕ್, ನಮ್ಮೆಲ್ಲರ ಬಾಯಲ್ಲಿ ಪಿನ್ನಕ್ಕ, ಈ ತಿಂಗಳು ನಿವೃತ್ತರಾಗಿದ್ದಾರೆ. ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ಲೇಖನ ಒಪ್ಪಿಸುವಾಗ, ಅಳುಮುಂಜಿ ಮಾತು ಬೇಡ ಎಂದು ಮೊದಲೇ ಎಚ್ಚರಿಸಿದ್ದರು. ಪ್ರಯತ್ನಿಸುತ್ತೇನೆ, ಭರವಸೆ ಕೊಡಲಾರೆ.

ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಂಬ ಭಾರದ ಭಾಗವು ಬೆರಳುದ್ದದ ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರಬೇಕು, ಆ ಪಿನ್ನು ಕಚ್ಚಿಕೊಂಡರೆ ಪ್ಯಾಡು ಒಂದೇ ಕಡೆ ಸವೆದು ಕಾರು ಪಕ್ಕಕ್ಕೆ ಎಳೆಯುತ್ತದೆ ಎಂಬ ಪಾಠ ನನಗಾದದ್ದು ಅವರ ಬೈಗುಳದಿಂದಲೇ. ಪಿನ್ನು ಬಿಚ್ಚಿ, ಹಳೆಯ ಗ್ರೀಸು ಒರೆಸಿ, ತುಕ್ಕಿನ ಚುಕ್ಕೆ ಕಂಡರೆ ಹೊಸದನ್ನು ತಂದು, ರಬ್ಬರಿಗೆ ಒಗ್ಗುವ ಗ್ರೀಸನ್ನೇ ತೆಳ್ಳಗೆ ಸವರಿ, ಒಳಗೆ ಕೂರಿಸಿ, ಹೆಬ್ಬೆರಳಿನಿಂದ ಒಮ್ಮೆ ಮೆಲ್ಲನೆ ಒತ್ತುತ್ತಿದ್ದರು. ಅದರ ನಡೆ ಸರಿಯಿದೆಯೋ ಇಲ್ಲವೋ ಆ ಬೆರಳಿಗೆ ತಿಳಿದುಬಿಡುತ್ತಿತ್ತು. ಸವೆದ ಬೋಲ್ಟನ್ನೇ ಮತ್ತೆ ಬಿಗಿಯಲು ಹೊರಟವರಿಗೆ, ಬೋಲ್ಟಿಗೆ ಹೋದ ಜೀವ ಕಾರು ಕೊಟ್ಟರೂ ಬಾರದು ಎಂದು ಗಾದೆಯನ್ನೇ ತಿರುಚಿ ಗದರುತ್ತಿದ್ದರು.

ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಕೆಲಸ ಮಾಡಿದವರೇ ಅದನ್ನು ಪರೀಕ್ಷಿಸಕೂಡದು. ಚಕ್ರ ಹಾಕುವ ಮೊದಲು ಇನ್ನೊಬ್ಬರು ಬಂದು ಕ್ಯಾಲಿಪರನ್ನು ಕೈಯಿಂದ ಜಾರಿಸಿ ನೋಡಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಿದ್ದರು. ತಮ್ಮ ಕೆಲಸಕ್ಕೂ ಈ ನಿಯಮದಿಂದ ವಿನಾಯಿತಿ ಕೊಟ್ಟುಕೊಂಡವರಲ್ಲ. ಹಾಗೆಂದು ಅವರು ಬರೀ ಗದರುವವರೂ ಅಲ್ಲ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಷ್ಟು ದಿನ ನನ್ನ ಪಾಲಿನ ಕಾರುಗಳನ್ನೂ ತಾವೇ ಮುಗಿಸಿ, ಮ್ಯಾನೇಜರು ವಿಚಾರಿಸಿದಾಗಲೆಲ್ಲ ಇಲ್ಲೇ ಯಾವುದೋ ಕಾರಿನ ಕೆಳಗಿರಬೇಕು ಎಂದು ಮುಖದ ಗೆರೆಯೂ ಅಲುಗದೆ ಸುಳ್ಳು ಹೇಳಿದ ಮಹಾತಾಯಿ.

ಕಳೆದ ವರ್ಷ ಒಂದು ಮಧ್ಯಾಹ್ನ ಅವರು ಮುಗಿಸಿದ ಕಾರನ್ನು ನೋಡುವ ಸರದಿ ನನ್ನದಾಗಿತ್ತು. ಕ್ಯಾಲಿಪರನ್ನು ತಳ್ಳಿದೆ, ಅದು ಜಗ್ಗಲಿಲ್ಲ. ಬಿಚ್ಚಿ ನೋಡಿದರೆ ಮೇಲಿನ ಪಿನ್ನು ಕೆಳಗೆ, ಕೆಳಗಿನದು ಮೇಲೆ. ನೋಡಲು ಅವಳಿಜವಳಿಯಂತಿದ್ದರೂ ಒಂದರ ತುದಿಗೆ ರಬ್ಬರು ಇರುತ್ತದೆ, ಜಾಗ ತಪ್ಪಿದರೆ ಕಚ್ಚಿಕೊಳ್ಳುತ್ತದೆ ಎಂದು ನಮಗೆಲ್ಲ ಕಲಿಸಿದವರೇ ಅವರು. ಯಾರಿಗಾದರೂ ಕಣ್ತಪ್ಪುವುದು ಸಹಜ. ಆದರೆ ಕಚ್ಚಿಕೊಂಡ ಪಿನ್ನನ್ನು ಆ ಹೆಬ್ಬೆರಳು ಹೇಗೆ ಬಿಟ್ಟಿತು? ನಾನು ಅವರನ್ನು ಕರೆದೆ. ಅವರು ಒತ್ತಿದರು, ಮತ್ತೆ ಒತ್ತಿದರು, ಆಮೇಲೆ ನನ್ನ ಮುಖ ನೋಡಿದರು.

"ಬಿಗಿಯಾಗಿದೆಯಾ?" ಎಂದರು. "ನಿಜ ಹೇಳಪ್ಪ. ನನಗೆ ಏನೂ ಗೊತ್ತಾಗ್ತಿಲ್ಲ."

ಇಬ್ಬರೇ ಇದ್ದೆವು. ಸರಿಮಾಡಿ ಬಿಡೋಣ, ಯಾರಿಗೂ ಹೇಳುವುದು ಬೇಡ, ಇನ್ನು ಮುಂದೆ ನಿಮ್ಮ ಪ್ರತಿ ಕಾರನ್ನೂ ನಾನೇ ನೋಡುತ್ತೇನೆ ಎಂದು ಅಂಗಲಾಚಿದೆ. ಅವರು ಕೈ ಒರೆಸಿಕೊಂಡು ನೇರವಾಗಿ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲವನ್ನೂ ತಾವೇ ಹೇಳಿದರು. ನಟ್ಟು ಬಿಚ್ಚುವ ಗಾಳಿಯ ಗನ್ನಿನ ನಡುಕ ವರ್ಷಗಟ್ಟಲೆ ಕೈಗೇರಿ ಬೆರಳಿನ ನರಗಳು ಸತ್ತಿವೆ, ಹೋದ ಸ್ಪರ್ಶ ಮರಳುವುದಿಲ್ಲ ಎಂದರು ಆಮೇಲೆ ಪರೀಕ್ಷಿಸಿದ ವೈದ್ಯರು. ಕೈ ಕೆಸರಾದರೆ ಬಾಯಿ ಮೊಸರಂತೆ! ಈ ಕೈಗೆ ದಕ್ಕಿದ್ದು ಬಿಡಿಭಾಗಗಳ ಕೋಣೆಯಲ್ಲೊಂದು ಕುರ್ಚಿ. ಅಲ್ಲಿ ಕುಳಿತು, ಯಾರೂ ಇಲ್ಲದ ಹೊತ್ತಿನಲ್ಲಿ ಹೊಸ ಪಿನ್ನೊಂದನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅವರು ಬಿಟ್ಟ ಮೂಲೆಯಲ್ಲಿ ಈಗ ಟಯರು ಪೇರಿಸಿದ್ದಾರೆ. ಇನ್ನೊಬ್ಬರು ನೋಡುವ ಪದ್ಧತಿಗೆ ಯಾರಿಗೂ ಪುರುಸೊತ್ತಿಲ್ಲ. ನಾನು ಕೂಗಾಡಿದರೆ, ಅಕ್ಕನ ಭೂತ ಹೊಕ್ಕಿದೆ ಎಂದು ನಗುತ್ತಾರೆ.

ವಿದಾಯದ ದಿನ ಭಾಷಣಗಳಾದವು, ಫೋಟೋ ತೆಗೆಸಿಕೊಂಡರು. ಎಲ್ಲ ಮುಗಿದು ಮೆಟ್ಟಿಲಿಳಿಯುವಾಗ ನಾನು ಅವರ ಕೈಬೆರಳು ಹಿಡಿದುಕೊಂಡೆ. ಅವರು ಮುಂದೆ ನೋಡುತ್ತ ಇಳಿಯುತ್ತಲೇ ಇದ್ದರು. ಕೆಳಗೆ ಬಂದಮೇಲೆ ಕೈಯತ್ತ ಕಣ್ಣು ಹೊರಳಿಸಿ, "ಯಾವಾಗ ಹಿಡ್ಕೊಂಡೆ?" ಎಂದು ಕೇಳಿದರು.

ಅಕ್ಕ ನೂರ್ಕಾಲ ಬಾಳಲಿ. ಕಾರ್ಯ ಮುಂದುವರಿಸಲಿ ಎಂದು ಹಾರೈಸಲಾರೆ, ಹಾರೈಸಿದರೆ ಅಣಕಿಸಿದಂತೆ. ಆ ಬೆರಳುಗಳಿಗೆ ಒಂದೇ ಒಂದು ದಿನವಾದರೂ, ಹಿಡಿದುಕೊಂಡವರಿದ್ದಾರೆ ಎಂಬುದು ಕಣ್ಣಿನಿಂದ ನೋಡದೆಯೇ ತಿಳಿಯಲಿ.