ಮೂಕಿ ಸಿನಿಮಾದ ಹುಡುಗಿ ಕೇಳಿದ್ದು

ನಮ್ಮ ಅಕ್ಕನ ರಕ್ತವನ್ನು ಯಾವ ದೆವ್ವವೂ ಕುಡಿಯಲಿಲ್ಲ. ಹೆರಿಗೆಯಲ್ಲಿ ಬಹಳ ರಕ್ತ ಹೋಯಿತು, ಹೋದದ್ದು ಮತ್ತೆ ತುಂಬಿಕೊಳ್ಳುವಂಥ ಊಟ ನಾವು ಕೊಡಲಿಲ್ಲ, ನೀರನ್ನೂ ಕೊಡಲಿಲ್ಲ, ಸತ್ತಳು. ಆದದ್ದು ಇಷ್ಟೇ. ಇಷ್ಟು ಹೇಳುವುದಕ್ಕೆ ನನಗೆ ಅರವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಅದೂ ಮೊಮ್ಮಗಳ ಫೋನಿನಲ್ಲಿ, ರಕ್ತ ಕುಡಿಯುವವನೊಬ್ಬನ ಹಳೆಯ ಮೂಕಿ ಸಿನಿಮಾ ನೋಡಿದ ಮೇಲೆ.

ನಾನು ಓದಿದ್ದು ನಾಲ್ಕನೆಯ ತರಗತಿ. ಸಿನಿಮಾದ ಬಗ್ಗೆ ಬರೆಯುವ ಯೋಗ್ಯತೆ ಈಕೆಗಿಲ್ಲ ಎಂದು ಯಾರಾದರೂ ಅಂದರೆ ಇಲ್ಲವೆಂದೇ ಒಪ್ಪಿಕೊಳ್ಳುತ್ತೇನೆ. ಆದರೆ ಬಾಣಂತನ ಮಾಡುವ ಯೋಗ್ಯತೆ ನನಗಿದೆ ಎಂದು ಓಣಿಯವರೆಲ್ಲ ಒಪ್ಪಿದ್ದರು. ಅಪಾಯವಿದ್ದದ್ದು ಅಲ್ಲಿ.

ಕಲಬುರಗಿಯ ಅಂಚಿನಲ್ಲಿ, ಕೋಟನೂರಿನಲ್ಲಿ ನಮ್ಮ ಮನೆ. ಮೊಮ್ಮಗಳು ಭಾಗ್ಯ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಅವಳ ತಾಯಿ, ಅಂದರೆ ನನ್ನ ಸೊಸೆ, ಶಾಲೆಯಲ್ಲಿ ಪಾಠ ಹೇಳಲು ಹೋಗುತ್ತಾಳೆ. ಹೀಗಾಗಿ ಬಾಣಂತಿಯ ಕೋಣೆಗೆ ನಾನೇ ಸರಕಾರ. ಕಿಟಕಿಗೆ ಕೌದಿ ಹೊಚ್ಚಿದ್ದೆ. ಭಾಗ್ಯಳ ಕಿವಿಗೆ ಬಟ್ಟೆ ಕಟ್ಟಿದ್ದೆ. ಬಾಗಿಲಿಗೆ ಬೇವಿನ ಸೊಪ್ಪು, ದಿಂಬಿನ ಕೆಳಗೆ ಕುಡುಗೋಲು. ಕಬ್ಬಿಣವಿದ್ದ ಕಡೆ ಗಾಳಿ ಸೋಕುವುದಿಲ್ಲ, ದೆವ್ವ ಬರುವುದಿಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು. ಕುಡಿಯುವ ನೀರು ಹಿತ್ತಾಳೆಯ ಒಂದು ಸಣ್ಣ ಬಟ್ಟಲಿನಲ್ಲಿ, ಕಾಯಿಸಿ ಆರಿಸಿದ್ದು, ದಿನಕ್ಕೆ ನಾಲ್ಕು ಸಲ. ಅದಕ್ಕಿಂತ ಹೆಚ್ಚಾದರೆ ಬಾಣಂತಿಗೆ ಹೊಟ್ಟೆ ಬರುತ್ತದೆ, ಕೂಸಿಗೆ ನೆಗಡಿಯಾಗುತ್ತದೆ. ಆ ಬಟ್ಟಲು ನನ್ನ ತವರು ಕಮಲಾಪುರದ್ದು. ಅದರಲ್ಲೇ ಅಳೆದು ನಾಲ್ಕು ಬಾಣಂತನ ಮಾಡಿದ್ದೇನೆ, ನಾಲ್ವರೂ ಬದುಕಿದ್ದಾರೆ. ಬದುಕಿದ್ದು ಬಟ್ಟಲಿನಿಂದ ಎಂದುಕೊಂಡಿದ್ದೆ. ಬಟ್ಟಲಿದ್ದೂ ಬದುಕಿದರು ಅನ್ನುವುದು ಹೊಳೆದಿರಲಿಲ್ಲ.

ಸರಕಾರಿ ದವಾಖಾನೆಯ ನರ್ಸಬಾಯಿ ಮೆಹಬೂಬಿ ಒಂದು ದಿನ ಕೂಸಿನ ತೂಕ ನೋಡಲು ಬಂದಳು. ಮೋಮಿನಪುರದವಳು, ಬಾಯಿ ಚುರುಕು. ಭಾಗ್ಯಳ ಕೆಳರೆಪ್ಪೆ ಎಳೆದು ನೋಡಿ, ನನ್ನ ಕೈಯಲ್ಲಿ ಗುಳಿಗೆಯ ಪಟ್ಟಿ ಇಟ್ಟಳು.

"ಆಯಿ, ಇವು ದಿನಾ ಒಂದೊಂದು ನುಂಗಸ್ರಿ. ಕಬ್ಬಿಣದ ಗುಳಿಗಿ. ತೊಪ್ಪಲಪಲ್ಯಾ ಕೊಡ್ರಿ, ನೀರು ಬೇಕಾದಷ್ಟು ಕೊಡ್ರಿ."

"ಕಬ್ಬಿಣ ದಿಂಬಿನ ಕೆಳಗ ಅದ ನೋಡವ್ವ."

"ದಿಂಬಿಗೇನು ರಕ್ತ ಕಮ್ಮಿ ಆಗ್ಯಾದ ಏನ್ರಿ?"

ಭಾಗ್ಯ ನಕ್ಕಳು. ನನಗೆ ಸಿಟ್ಟು ಬಂತು. ಆಕೆ ಹೋದ ಮೇಲೆ ಗುಳಿಗೆಗಳನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟೆ. ಉಷ್ಣದ ಗುಳಿಗೆ, ಹಾಲು ಬತ್ತುತ್ತದೆ ಎಂದು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ಕೇಳಬೇಡಿ. ನನಗೆ ಗೊತ್ತಿದ್ದದ್ದೆಲ್ಲ ಹಾಗೆಯೇ ಗೊತ್ತಿದ್ದದ್ದು.

ಇದಾಗಿ ಒಂದು ವಾರಕ್ಕೆ, ಮಟಮಟ ಮಧ್ಯಾಹ್ನ, ಕೋಣೆಯಲ್ಲಿ ಬೆಳಕು ಮಿಣಮಿಣ ಅಂದಿತು. ಹೋಗಿ ನೋಡಿದರೆ ಹೊದಿಕೆಯ ಒಳಗೆ ಫೋನ್. ಬಾಣಂತಿ ಫೋನ್ ನೋಡಬಾರದು, ಕಣ್ಣು ಹೋಗುತ್ತವೆ ಎಂದು ಎಷ್ಟು ಸಲ ಹೇಳಿದ್ದೆ.

"ಬೈಬ್ಯಾಡ ಆಯಿ. ಇದರಾಗ ಮಾತೇ ಇಲ್ಲ, ಕೂಸು ಏಳಂಗಿಲ್ಲ. ನೂರು ವರ್ಷದ ಹಿಂದಿನ ಸಿನಿಮಾ, ಕಾಲೇಜಿನಾಗ ತೋರಿಸಿದ್ರು. ಬಾ, ನೀನೂ ನೋಡು. ಹೆದರಿಕಿ ಆದ್ರ ನನ್ನ ಕೈ ಹಿಡಕೋ."

"ನಿಮ್ಮ ಮುತ್ಯಾನ ಜೋಡಿ ನಲವತ್ತು ವರ್ಷ ಬಾಳೇವು ಮಾಡೀನಿ. ನಾ ಇನ್ಯಾರಿಗಿ ಹೆದರ್ಲಿ?"

ಅಂದೆ, ಆದರೂ ಕೂತೆ. ಕೌದಿ ಹೊಚ್ಚಿದ ಕೋಣೆ ಹಗಲಲ್ಲೇ ಟಾಕೀಸಿನಂತಿತ್ತು.

ಈ ಕಾಲದ ದೆವ್ವದ ಸಿನಿಮಾಗಳನ್ನು ಮಗನ ಟಿವಿಯಲ್ಲಿ ಕಂಡಿದ್ದೇನೆ. ಅವು ಬಾಗಿಲ ಸಂದಿಯಿಂದ ಹಾರಿ ಬಂದು ಕಿರುಚುತ್ತವೆ. ಒಂದು ಸಲ ಎದೆ ಧಸಕ್ಕೆನ್ನುತ್ತದೆ, ಮರುಗಳಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. ಈ ಸಿನಿಮಾದ ರಕ್ತ ಕುಡಿಯುವವನು, ಉದ್ದ ಉಗುರಿನವನು, ಹಾಗಲ್ಲ. ಕಿರುಚುವುದಿಲ್ಲ, ಓಡುವುದಿಲ್ಲ, ಸುಮ್ಮನೆ ನಿಲ್ಲುತ್ತಾನೆ. ಅವನಿಗೆ ಅವಸರವಿಲ್ಲ, ಯಾಕೆಂದರೆ ಮನೆಯವರು ಅವನ ಕೆಲಸಕ್ಕೆ ಅಡ್ಡ ಬರುವವರಲ್ಲ. ಮಂಚದ ಮೇಲೆ ಹುಡುಗಿಯೊಬ್ಬಳು ದಿನದಿನಕ್ಕೆ ಸೊರಗುತ್ತಾಳೆ. ಸುತ್ತ ಹಿರಿಯರು ನಿಂತು ಕೈ ಹೊಸಕುತ್ತಾರೆ, ತಮ್ಮತಮ್ಮಲ್ಲೇ ಮಾತಾಡುತ್ತಾರೆ. ಹುಡುಗಿಯನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಬಣ್ಣವಿಲ್ಲದ ಸಿನಿಮಾ ಅಲ್ಲವೇ, ಎಲ್ಲರೂ ಬಿಳಿಚಿಕೊಂಡೇ ಇದ್ದಾರೆ. ರೋಗಿ ಯಾರು, ನೆಟ್ಟಗಿದ್ದವರು ಯಾರು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಡುನಡುವೆ ಇಂಗ್ಲಿಷಿನಲ್ಲಿ ಬರೆದ ಹಲಗೆ ಬರುತ್ತಿತ್ತು, ಭಾಗ್ಯ ಓದಿ ಹೇಳುತ್ತಿದ್ದಳು. ಒಂದು ಕಡೆ ಆ ಹುಡುಗಿ ದಿಂಬಿನ ಮೇಲೆ ತಲೆ ಹೊರಳಿಸಿ ತುಟಿ ಅಲ್ಲಾಡಿಸಿದಳು. ನಾನು ಹಲಗೆಗಾಗಿ ಕಾದೆ. ಬರಲಿಲ್ಲ.

"ಏನಂದಳ?"

"ಬರದಿಲ್ಲ ಆಯಿ."

ಬರೆಯುವ ಅಗತ್ಯವಿರಲಿಲ್ಲ. ಆ ತುಟಿಯನ್ನು ನಾನು ಮೊದಲೇ ನೋಡಿದ್ದೆ. ಒಣಗಿದ ತುಟಿ ಒಂದಕ್ಕೊಂದು ಅಂಟಿಕೊಂಡು ಬಿಡಿಸಿಕೊಳ್ಳುವ ಬಗೆ ಅದು. ಅವಳು ನೀರು ಕೇಳುತ್ತಿದ್ದಳು.

ಕಮಲಾಪುರದ ಮನೆಯಲ್ಲಿ ಅಕ್ಕ ಶರಣವ್ವ ಹಡೆದಾಗ ಅವಳಿಗೆ ಹದಿನೆಂಟು, ನನಗೆ ಹತ್ತು. ಅವ್ವ ನನ್ನನ್ನು ಕೋಣೆಯ ಹೊಸ್ತಿಲ ಮೇಲೆ ಕಾವಲಿಗೆ ಕೂಡಿಸಿದಳು. "ಬಟ್ಟಲಕಿಂತ ಹೆಚ್ಚು ನೀರು ಕೊಟ್ಟೆಂದ್ರ ಕಾಲು ಮುರೀತೀನಿ" ಅಂದಳು. ಕಾವಲಿಗೆ ದಿನಕ್ಕೊಂದು ಬಾಳೆಹಣ್ಣು ಬಹುಮಾನ. ನಮ್ಮೂರಿನ ಕೆಂಪು ಬಾಳೆ, ಸಿಪ್ಪೆ ಸುಲಿದರೆ ಕೋಣೆಯ ತುಂಬ ವಾಸನೆ. ಅಕ್ಕನಿಗೆ ಅದು ಥಂಡಿಯೆಂದು ಮುಟ್ಟಗೊಡುತ್ತಿರಲಿಲ್ಲ. ಮೊದಲ ವಾರ ಅವಳು ದನಿಯೆತ್ತಿ ನೀರು ಕೇಳಿದಳು. ಆಮೇಲೆ ಪಿಸುಗುಟ್ಟಿದಳು. ಆಮೇಲೆ ಬರೀ ತುಟಿ. ನಾನು ಕೊಡಲಿಲ್ಲ. ಅವಳು ನೋಡುತ್ತಿರುವಾಗಲೇ ಹೊಸ್ತಿಲ ಮೇಲೆ ಕೂತು ಹಣ್ಣು ತಿಂದೆ. ಹತ್ತು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ನೀವು ಸಮಾಧಾನ ಹೇಳಬಹುದು. ಬಾಯಾರಿಕೆ ತಿಳಿಯುತ್ತದೆ.

ಹತ್ತೊಂಬತ್ತನೆಯ ದಿನ ಹೋದಳು. ಮೈ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಹಾಳುಬಾವಿಯ ದೆವ್ವ ರಕ್ತ ಹೀರಿತು ಎಂದು ಯಾರೋ ಅಂದರು, ಉಳಿದವರು ಕೂಡಲೇ ಹೌದೆಂದರು. ಆ ದೆವ್ವದಿಂದ ಎಲ್ಲರಿಗೂ ಅನುಕೂಲವಾಯಿತು. ಅವ್ವನ ಮೇಲೆ ತಪ್ಪು ಬರಲಿಲ್ಲ, ಸೂಲಗಿತ್ತಿಯ ಮೇಲೆ ಬರಲಿಲ್ಲ, ನನ್ನ ಮೇಲಂತೂ ಬರಲೇ ಇಲ್ಲ. ಅವ್ವ ಮುಂದಿನ ಬಾಣಂತಿಗಳಿಗೆಂದು ಬಟ್ಟಲನ್ನು ಬೆಳಗಿ ತೆಗೆದಿಟ್ಟಳು. ನನ್ನ ಮದುವೆಯಲ್ಲಿ ನನಗೆ ಕೊಟ್ಟಳು.

ನೂರು ವರ್ಷವಾದರೂ ಜನ ಈ ಸಿನಿಮಾ ಯಾಕೆ ನೋಡುತ್ತಾರೆ ಎಂದು ಭಾಗ್ಯಳನ್ನು ಕೇಳಿದೆ. ಬೆಳಕು, ನೆರಳು ಎಂದು ಅವಳ ಮಾಸ್ತರು ಹೇಳಿದ್ದನ್ನೆಲ್ಲ ಹೇಳಿದಳು. ಇರಬಹುದು. ನನಗನ್ನಿಸುವುದು ಬೇರೆ. ಮನೆಯಲ್ಲಿ ಒಬ್ಬ ಹುಡುಗಿ ಬಿಳಿಚಿಕೊಂಡಾಗ, ಉದ್ದ ಉಗುರಿನವನೊಬ್ಬ ಹೊರಗಿನಿಂದ ಬಂದಿದ್ದ ಎಂದು ನಂಬುವುದು ಬಹಳ ಹಗುರ. ಅವನು ಎಷ್ಟೇ ಹೆದರಿಸಲಿ, ನೋಡಿ ಎದ್ದವರು ತಮ್ಮ ಕೈ ನೋಡಿಕೊಳ್ಳಬೇಕಾಗಿಲ್ಲ. ನಾನು ಅರವತ್ತು ವರ್ಷ ಹಾಗೇ ಎದ್ದು ಬಂದಿದ್ದೆ.

ಸಿನಿಮಾ ಮುಗಿಯಿತು. ಫೋನಿನ ಬೆಳಕು ಇನ್ನೂ ಭಾಗ್ಯಳ ಮುಖದ ಮೇಲಿತ್ತು. ಪರದೆಯ ಹುಡುಗಿಗೂ ಇವಳಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಾನು ಮೆಹಬೂಬಿ ಮಾಡಿದ ಹಾಗೆ ಅವಳ ಕೆಳರೆಪ್ಪೆ ಎಳೆದೆ. ಒಳಗೆ ಕೆಂಪಿರಬೇಕಾದ ಜಾಗ ಮೊಸರಿನಂತಿತ್ತು.

"ನೀರಡಿಕಿ ಆಗ್ತದೇನ ನಿನಗ?" ಎಂದು ಕೇಳಿದೆ. ಇಷ್ಟು ದಿನದಲ್ಲಿ ಕೇಳಿದ್ದು ಅದೇ ಮೊದಲು.

"ದಿನಾ ಆಗ್ತದ ಆಯಿ. ನೀ ಬೈತೀ ಅಂತ ಹೇಳಲಿಲ್ಲ."

ಆಗಲೇ ಒಂದು ಬಟ್ಟಲು ನೀರು ಕೊಟ್ಟೆ, ಇನ್ನೊಂದು ಕೊಟ್ಟೆ, ಮತ್ತೊಂದು. ಮೂರನೆಯದಕ್ಕೆ ನನ್ನ ಕೈ ತಡೆಯಿತು. ಅಷ್ಟು ಕಂಡಮೇಲೂ ತಡೆಯಿತು, ಸುಳ್ಳು ಹೇಳುವುದಿಲ್ಲ. ಅರವತ್ತು ವರ್ಷದ ಕಾವಲು ಒಂದು ಮಧ್ಯಾಹ್ನಕ್ಕೆ ಏಳುವುದಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಯ ಕೌದಿ ಕಿತ್ತು ಒಗೆಯಲು ಹಾಕಿದೆ. ದಿಂಬಿನ ಕೆಳಗಿನ ಕುಡುಗೋಲು ತೆಗೆದುಕೊಂಡು ಹೋಗಿ ಹಿತ್ತಲಿನ ರಾಜಗಿರಿ ಸೊಪ್ಪನ್ನು ಪಲ್ಯಕ್ಕೆ ಕೊಯ್ದೆ. ಜೋಳದ ಡಬ್ಬಿಯಲ್ಲಿ ಕೈಯಾಡಿಸಿ ಗುಳಿಗೆ ಹುಡುಕಿದೆ. ಸೊಸೆಗೆ ಎಲ್ಲ ಹೇಳಿ, ಶಾಲೆಗೆ ರಜೆ ಹಾಕಿಸಿ, ಮೆಹಬೂಬಿಗೆ ಫೋನ್ ಹಚ್ಚಿಸಿದೆ.

"ಹುಡುಗೀನ್ನ ದವಾಖಾನಿಗಿ ಕರಕೊಂಡು ಬರಾಕತ್ತೀವಿ. ರಕ್ತ ನೋಡ್ರಿ."

"ಯಾಕ್ರೀ ಆಯಿ, ಕುಡುಗೋಲಿಗಿ ದೆವ್ವ ಹೆದರಲಿಲ್ಲೇನ್ರಿ?"

"ಎಲ್ಲಿ ಹೆದರ್ತದವ್ವ? ಅದೇ ನಿನ್ನ ಜೋಡಿ ಮಾತಾಡಾಕತ್ಯದ."

ಮೆಹಬೂಬಿ ನಗಲಿಲ್ಲ. ಜಲ್ದಿ ಬರ್ರಿ ಅಂದಳು.

ಆಟೋ ಬರುವುದರೊಳಗೆ ದೊಡ್ಡ ತಂಬಿಗೆಯಲ್ಲಿ ನೀರು ತಂದು ಭಾಗ್ಯಳ ಮುಂದಿಟ್ಟೆ. ಅವಳು ರೂಢಿಯಂತೆ, ಬಟ್ಟಲು ಇರುತ್ತಿದ್ದ ಗೋಡೆಯ ಗೂಡಿನ ಕಡೆ ನೋಡಿದಳು.

"ಬಟ್ಟಲ ಎಲ್ಲಿ ಆಯಿ?"

"ಇಲ್ಲ. ಎತ್ತಿ ಕುಡಿ."

ಅವಳು ಎರಡೂ ಕೈಯಿಂದ ತಂಬಿಗೆ ಎತ್ತಿದಳು. ಕೆಳಗಿಡುವವರೆಗೂ ನಾನು ಹೊಸ್ತಿಲ ಮೇಲೆ ಕೂತಿದ್ದೆ. ಆಮೇಲೆ ಎದ್ದು, ಮತ್ತೆ ತುಂಬಿಕೊಂಡು ಬಂದೆ.