ಕಾವೇರಮ್ಮನ ಬಳ್ಳಿ, ಶೀನಪ್ಪನ ಕುಡುಪು

ಬೆಳಗಿನ ಆರು ಗಂಟೆ. ಕೊಕ್ಕಡದ ಮೊದಲ ಬಸ್ಸಿಗೆ ಕಾವೇರಮ್ಮನಿಗಿಂತ ಮೊದಲು ಅವರ ಬಳ್ಳಿಯ ಹೊರೆ ಹತ್ತುತ್ತದೆ. ನಾಲ್ಕು ಸುರುಳಿ, ಮೇಲೆ ಒದ್ದೆ ಗೋಣಿ. "ಮಗುವನ್ನು ಮಲಗಿಸಿದ ಹಾಗೆ ಮಲಗಿಸ್ತೀರಲ್ಲ" ಎಂದು ಕಂಡಕ್ಟರ್ ರೇಗಿಸುತ್ತಾರೆ. "ಮಗುವಿಗೆ ಟಿಕೆಟ್ ಇಲ್ಲ, ಇದಕ್ಕೆ ಉಂಟಲ್ಲ ಮಾರಾಯ್ರೆ" ಎಂದು ಇವರು ಕೂತಲ್ಲಿಂದಲೇ ಉತ್ತರ ಕೊಡುತ್ತಾರೆ.

ಐವತ್ತೆಂಟರ ಕಾವೇರಮ್ಮ ಮಲೆಕುಡಿಯ ಸಮುದಾಯದವರು. ಕಾಡಿನಿಂದ ಜೇನು, ಸೀಗೆ, ಬಳ್ಳಿ ತರುವ ಹನ್ನೊಂದು ಮನೆಗಳ ಪರವಾಗಿ ವಾರಕ್ಕೆರಡು ಸಲ ಎರಡು ಬಸ್ಸು ಬದಲಿಸಿ ಸಿದ್ಧಕಟ್ಟೆಗೆ ಬರುತ್ತಾರೆ. ಅಲ್ಲಿ ಕೊರಗ ಸಮುದಾಯದ ಶೀನಪ್ಪ ಮತ್ತು ನೆರೆಯ ಐದು ಮನೆಯವರು ಬುಟ್ಟಿ, ಅನ್ನ ಬಸಿಯುವ ಕುಡುಪು ಹೆಣೆಯುತ್ತಾರೆ. ಸುತ್ತಲಿನ ಗುಡ್ಡಗಳು ರಬ್ಬರ್ ತೋಟಗಳಾದ ಮೇಲೆ ಬಳ್ಳಿ ಸಿಗದೆ ಅವರ ಕಸುಬು ನಿಂತೇಹೋಗುವುದರಲ್ಲಿತ್ತು. ಈಗ ಅವರ ಬುಟ್ಟಿಯೊಳಗೆ ಇವರ ಜೇನಿನ ಬಾಟಲಿ ಕೂರುತ್ತದೆ. ಮೂಡುಬಿದಿರೆಯ ಅಂಗಡಿಯೊಂದು ತಿಂಗಳಿಗೆ ಅಂಥ ಅರವತ್ತು ಬುಟ್ಟಿ ಕೊಳ್ಳುತ್ತದೆ. ಬಂದದ್ದರಲ್ಲಿ ಎರಡೂ ಕಡೆಗೆ ಸಮಪಾಲು.

ಮೂರು ವರ್ಷದ ಹಿಂದೆ ಆರಂಭವಾದದ್ದು ಮಾತ್ರ ಎಡವಟ್ಟಿನಿಂದಲೇ. ಸೀಗೆಯನ್ನು ಗರಿಗರಿ ಒಣಗಿಸಿಯೇ ಮಾರಿ ರೂಢಿಯಿದ್ದ ಕಾವೇರಮ್ಮ ಮೊದಲ ಹೊರೆ ಬಳ್ಳಿಯನ್ನೂ ನಾಲ್ಕು ಬಿಸಿಲು ಚೆನ್ನಾಗಿ ಒಣಗಿಸಿ ತಂದಿದ್ದರು. ಬಾಗಿಸಿದಲ್ಲೆಲ್ಲ ಅದು ಪಟಪಟ ಮುರಿಯಿತು. ಶೀನಪ್ಪ ಮುರಿದದ್ದನ್ನು ಬದಿಗಿಟ್ಟು, ತಮ್ಮಲ್ಲಿ ಉಳಿದಿದ್ದ ಒಂದಿಷ್ಟು ಹಸಿ ಬಳ್ಳಿಯಿಂದ ಹೆಣೆಯತೊಡಗಿದರು. "ಬೈದಿದ್ರೆ ಎದ್ದು ಹೋಗ್ತಿದ್ದೆ. ಬೈಲಿಲ್ಲ, ಹಾಗಾಗಿ ಕೂತೆ. ಯಾವ ಬಳ್ಳಿ ಬೇಕು, ಎಷ್ಟು ಹಸಿ ಬೇಕು, ಎಲ್ಲ ಅಂಗಳದಲ್ಲಿ ಕೂತು ನೋಡಿದೆ" ಎನ್ನುತ್ತಾರೆ ಕಾವೇರಮ್ಮ.

ಮಧ್ಯಾಹ್ನವಾದಾಗ ಶೀನಪ್ಪ ತಲೆ ಎತ್ತದೆ ಹೇಳಿದರಂತೆ: "ಪೇಟೆಯಲ್ಲಿ ಹೋಟೆಲುಂಟು ಅಮ್ಮ, ಊಟ ಮಾಡಿ ಬನ್ನಿ." ತಮ್ಮ ಮನೆಯ ನೀರನ್ನೂ ಹೊರಗಿನವರು ಮುಟ್ಟದ ಕಾಲವನ್ನು ಕಂಡವರು ಅವರು. ಕಾವೇರಮ್ಮ ಕೇಳಿದ್ದು ಒಂದೇ ಮಾತು: "ನಿಮ್ಮಲ್ಲಿ ಗಂಜಿ ಇಲ್ವಾ?" ಶೀನಪ್ಪನ ಹೆಂಡತಿ ಬಟ್ಟಲನ್ನು ಎರಡೆರಡು ಸಲ ತೊಳೆದು ಗಂಜಿ ಬಡಿಸಿದರಂತೆ.

ಈಗ ಬಳ್ಳಿ ಆರಿಸಲು ಶೀನಪ್ಪನೂ ಆಗಾಗ ಕೊಕ್ಕಡಕ್ಕೆ ಹೋಗುತ್ತಾರೆ. ಆದರೆ ಕಾವೇರಮ್ಮನ ಅಂಗಳದ ಅಂಚಿನಲ್ಲೇ ನಿಂತು, ಹೊರೆ ಕಟ್ಟಿಕೊಂಡು ಮರಳುತ್ತಾರೆ. ಎಷ್ಟು ಕರೆದರೂ ಒಳಗೆ ಬರುವುದಿಲ್ಲ. "ನಮ್ಮ ಅಪ್ಪ ಅವರ ಜನರನ್ನು ಅಲ್ಲೇ ನಿಲ್ಲಿಸ್ತಿದ್ರು. ತಪ್ಪು ನಮ್ಮದು. ಅವರ ಕಾಲು ಇನ್ನೂ ಅಲ್ಲೇ ನಿಲ್ತದೆ" ಎನ್ನುವಾಗ ಕಾವೇರಮ್ಮನ ಧ್ವನಿ ತಗ್ಗುತ್ತದೆ.

ವ್ಯಾಪಾರ ದೊಡ್ಡದಾಗಬೇಕೆಂಬ ಆಸೆ ಇಲ್ಲವೇ ಎಂದು ಕೇಳಿದೆ.

"ಉಂಟಪ್ಪ, ಯಾಕಿಲ್ಲ? ಆದ್ರೆ ಮೊದಲು ಅವರೊಮ್ಮೆ ನಮ್ಮ ಜಗಲಿ ಹತ್ತಿ ಕೂತು ಉಣ್ಬೇಕು. ಅವರು ಬರುವ ದಿನ ಅಕ್ಕಿ ಒಂದು ಮುಷ್ಟಿ ಹೆಚ್ಚೇ ಹಾಕ್ತೇನೆ. ಅವರೇ ಹೆಣೆದ ಕುಡುಪಿನಲ್ಲಿ ಬಸೀತೇನೆ. ಮೂರು ವರ್ಷದಿಂದ ಹಾಕ್ತಾ ಇದ್ದೇನೆ, ಬಿಡುವುದಿಲ್ಲ."